ಒಳಚೀಟಿ

ಕೌಲ್ ಬಜಾರಿನ ಮೂರನೇ ಸಂದಿ,
ಶೇಕ್ಷಾವಲಿ ಜೀನ್ಸ್ ಅಂದ್ರೆ ನಾನೇ.
ಸೊಂಟ ಬಿಟ್ಟು ಬೇರೆ ಅಳತೆ ಹಿಡಿದವನಲ್ಲ:
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಅವತ್ತು ಏಳು ಹುಡುಗೀರು ಬಾಗಿಲಿಗೆ ನಿಂತು
ತಲೆ ಅಳೀರಿ ಅಂದ್ರು.

ಆಟದ ಹೆಸರು ರಗ್ಬಿ.
ನಂಗೆ ರಗ್ಗು ಅಂತ ಕೇಳಿಸಿತು,
ಹಾಸಿಗೆ ಅಂಗಡಿ ಎದುರುಗಡೆ ಅಂದೆ.
ನಕ್ಕೋರಲ್ಲಿ ಒಬ್ಬಳಿಗೆ ಬಲಗಿವಿ ಇರಲಿಲ್ಲ,
ಅಂದ್ರೆ ಇತ್ತು, ಉದ್ದಿನ ವಡೆ ಹಂಗೆ
ಊದಿ ಮಡಚಿಕೊಂಡಿತ್ತು.
ಸುಂಕಮ್ಮ ಅವಳ ಹೆಸರು.
ಮೂರು ಮೂರು ಜನ ತೋಳು ಹೆಣೆದು
ತಲೆಗೆ ತಲೆ ಕೊಟ್ಟು ನೂಕುವಾಗ ಹಿಂಗಾಗ್ತದೆ ಮಾಸ್ಟ್ರೇ,
ಅಂಗಡೀಲಿ ಸಿಗೋ ಟೋಪಿ ಮೂರೂವರೆ ಸಾವಿರ.

ಟೇಪು ಹಣೆಗೆ ಸುತ್ತಿದೆ.
ಐವತ್ಮೂರು, ಐವತ್ತೈದು,
ಹುಲಿಗೆಮ್ಮಂದು ಜಡೆ ಸಮೇತ ಐವತ್ತೆಂಟು.
ಸೊಂಟ ಅಳೆಸೋ ಜನ ಉಸಿರು ಬಿಗಿ ಹಿಡೀತಾರೆ.
ಇವರು ಕಣ್ಣು ಮುಚ್ಚಿದ್ರು.

ಕಟಿಂಗಲ್ಲಿ ಉಳಿದ ಡೆನಿಮ್, ಸೋಫಾ ಅಂಗಡಿ ಫೋಮು,
ಬೆರಳು ದಪ್ಪ, ತುಂಡು ತುಂಡು, ಜೇನುಗೂಡಿನ ಲೆಕ್ಕ.
ಬೆವರು ಆರಲಿ ಅಂತ ನಡುವೆ ಕಾಜಾದಂಥ ಕಿಂಡಿ.
ಗದ್ದದ ಕೆಳಗೆ ನಾಡಾ. ಡಬಲ್ ಹೊಲಿಗೆ.
ಹಾಕ್ಕೊಂಡವಳೇ ನನ್ನ ಗೋಡೆಗೆ ಡಿಚ್ಚಿ ಹೊಡೆದು
ನೋವೇ ಆಗ್ಲಿಲ್ಲ ಅಂದ್ಲು ಸುಂಕಮ್ಮ.
ನಾನು ಉಬ್ಬಿದೆ.
ತಪ್ಪು ಪಾಠ ಕಲಿತದ್ದು ಅಲ್ಲೇ, ನನ್ನ ಗೋಡೆ ಹತ್ರ.

ಭಾನುವಾರ. ಬೆಟ್ಟದ ಬಂಡೆ ಕಾದು
ಮೈದಾನದ ಮೇಲೆ ಉಸಿರು ಬಿಡ್ತಿತ್ತು.
ಹುಲ್ಲಿಲ್ಲ; ಬೆಣಚು ಆರಿಸಿ ಗೆರೆಯಾಚೆ ಗುಡ್ಡೆ ಹಾಕಿದ್ರು.
ಎದುರು ರಾಯಚೂರಿನವರು.
ಮೊದಲೆಲ್ಲ ಭುಜ ಕೊಡ್ತಿದ್ಲಂತೆ,
ಟೋಪಿ ಬಂದ ಮೇಲೆ ತಲೆ.
ಯಾರದೋ ಮೊಣಕಾಲು ಬಡಿಯಿತು. ಸದ್ದು ನಂಗೆ ಕೇಳಿಸಲೇ ಇಲ್ಲ.
ಎದ್ದಳು. ಮಣ್ಣು ಕೊಡವಿದಳು.
ತಪ್ಪು ದಿಕ್ಕಿಗೆ ಓಡಿದಳು.

ಕೋಚ್ ಸಾಕ್ರಿಬಾಯಿ ಮೇಡಂ ಕೆನ್ನೆ ಹಿಡಿದು ಕೇಳಿದ್ರು:
ಎದುರಿಗೆ ಯಾವ ಊರಿನವರು?
ಪಾಯಿಂಟ್ ಎಷ್ಟಾಗೈತೆ?
ಸುಂಕಮ್ಮ ಅಂದ್ಲು, ಬಸ್ಸು ಬಂತಾ ಮೇಡಂ?

ಟೋಪಿ ಬಿಚ್ಚಿ ನನ್ನ ಕೈಗೆ ಕೊಟ್ರು.
ತಿರುವಿ ಮುರುವಿ ನೋಡಿದೆ, ಒಂದೆಳೆ ಬಿಟ್ಟಿಲ್ಲ.
ಕಿವಿ ಕ್ಷೇಮ. ಹಣೆಗೆ ಗೀರಿಲ್ಲ.
ಇಷ್ಟು ಒಳ್ಳೇ ಹೊಲಿಗೆ ಮೇಲೆ
ನಂಗೆ ಯಾವತ್ತೂ ಸಿಟ್ಟು ಬಂದಿರಲಿಲ್ಲ.
ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಮೇಡಂ ಹೇಳಿದ್ರು:
ಗಡಿಗೆಗೆ ಎಷ್ಟು ಬಟ್ಟೆ ಸುತ್ತಿದ್ರೂ
ಗಾಡಿ ಗುಂಡಿಗಿಳಿದ್ರೆ ಒಳಗೆ ಮೊಸರು ಒಡೀತದೆ ಮಾಸ್ಟ್ರೇ.
ಗಡಿಗೆ ಮಾತ್ರ ಹಂಗೇ ಇರ್ತದೆ.

ಇಪ್ಪತ್ತಾರು ವರ್ಷ ಪ್ಯಾಂಟಿನೊಳಗೆ ಚೀಟಿ ಹೊಲಿದೀನಿ.
ಬಟ್ಟೆ ಒಗೆದ ನೀರು ಬಳ್ಳಾರಿದು,
ಚೀಟಿ ಮೇಲೆ ಸಮುದ್ರದಾಚೆ ಯಾವುದೋ ಊರು.
ಅದರಿಂದ ಯಾರಿಗೂ ಏಟು ಬಿದ್ದಿಲ್ಲ,
ಹಂಗಾಗಿ ನಿದ್ದೆ ಬರ್ತಿತ್ತು.

ಸೋಮವಾರ ಏಳೂ ಟೋಪಿ ವಾಪಸ್ ತರಿಸಿದೆ.
ಬಿಳಿ ಪಟ್ಟಿ. ಮಾಬುನ್ನಿ ಕೈಬರಹ ದುಂಡಗೈತೆ,
ಅವಳ ಕೈಲಿ ಬರೆಸಿ ಹಣೆ ತಾಗೋ ಜಾಗಕ್ಕೆ ಹೊಲಿದೆ:
ಇದು ಕಿವಿಗೆ, ಚರ್ಮಕ್ಕೆ. ಒಳಗಿನದಕ್ಕಲ್ಲ.
ಕಣ್ಣು ಮಂಜಾದ್ರೆ ಹೊರಗೆ ಬಾ.
ಹುಲಿಗೆಮ್ಮ ಓದಿ, ಚುಚ್ಚತೈತೆ ಮಾಸ್ಟ್ರೇ ಅಂದ್ಲು.
ಚುಚ್ಚಲಿ ಅಂದೆ.

ಸುಂಕಮ್ಮನಿಗೆ ಇಪ್ಪತ್ತೊಂದು ದಿನ ಆಟ ಇಲ್ಲ.
ಸಂಜೆಗೊಮ್ಮೆ ಅಂಗಡಿಗೆ ಬಂದು ಜಗಳ:
ನೋವಿಲ್ಲ, ನೀವಾದ್ರೂ ಮೇಡಂಗೆ ಒಂದು ಮಾತು ಹೇಳಿ.
ಡಬ್ಬೀಲಿ ಗುಂಡಿ ಎಷ್ಟಾವೆ, ಎಣಿಸು ಅಂತೀನಿ.
ಹದಿನೇಳಕ್ಕೆ ನಿಲ್ತಾಳೆ,
ಬಲ್ಬಿನ ಕಡೆ ಕಣ್ಣು ಕಿರಿದು ಮಾಡ್ತಾಳೆ,
ನನ್ನನ್ನೂ ಮಷೀನನ್ನೂ ಬೈದು ಹೋಗ್ತಾಳೆ.

ನಿನ್ನೆ ನಲವತ್ತರ ತನಕ ಬಂದ್ಲು.
ಡಬ್ಬೀಲಿ ಇನ್ನೂ ಬೇಕಾದಷ್ಟು ಅದಾವೆ.